ಹಳೆಯ ಟ್ರ್ಯಾಕ್ಟರನ್ನು ಉಳಿಸಿಕೊಳ್ಳಬೇಕೆ, ಹೊಸದನ್ನು ಕೊಳ್ಳಬೇಕೆ?

ವಳಕಮದಿನ್ನಿಯಂಥ ಊರಿನಲ್ಲಿ ಹತ್ತು ಹನ್ನೆರಡು ವರ್ಷ ದುಡಿದ ಟ್ರ್ಯಾಕ್ಟರ್ ಮನೆಯ ಮುಂದೆ ನಿಂತಿದ್ದರೆ, ಆ ಮನೆಯಲ್ಲಿ ಎರಡು ಪಕ್ಷಗಳಾಗುವುದು ಸಹಜ. "ಇಂಜಿನ್ ಇನ್ನೂ ಗಟ್ಟಿ ಐತಿ, ಸಾಲ ಯಾಕ ಬೇಕು?" ಎಂದು ತಂದೆ ಕೇಳುತ್ತಾರೆ. "ಗ್ಯಾರೇಜಿಗೆ ಸುರಿದ ರೊಕ್ಕದಾಗ ಹೊಸದರ ಕಂತು ಕಟ್ಟಬಹುದಿತ್ತಲ್ಲಪ್ಪ" ಎಂದು ಮಗ ಹೇಳುತ್ತಾನೆ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಆದರೆ ಇಬ್ಬರೂ ಲೆಕ್ಕ ಬರೆದು ನೋಡಿರುವುದಿಲ್ಲ. ಟ್ರ್ಯಾಕ್ಟರಿನ ವಯಸ್ಸನ್ನು ನೋಡಿಯಾಗಲಿ, ನೆರೆಯವರ ಹೊಸ ಗಾಡಿಯನ್ನು ನೋಡಿಯಾಗಲಿ ಈ ಪ್ರಶ್ನೆಯನ್ನು ಬಗೆಹರಿಸಲಾಗದು. ಅದು ವರ್ಷಕ್ಕೆ ಎಷ್ಟು ಗಂಟೆ ದುಡಿಯುತ್ತದೆ, ಹದದ ದಿನಗಳಲ್ಲಿ ಎಷ್ಟು ನಂಬಿಕೆಯಿಂದ ನಡೆಯುತ್ತದೆ ಎಂಬ ಎರಡು ಸಂಗತಿಗಳನ್ನು ನೋಡಿ ತೀರ್ಮಾನಿಸಬೇಕು.

ಮೊದಲು ಗಂಟೆಗಳ ಲೆಕ್ಕ

ಟ್ರ್ಯಾಕ್ಟರಿನ ಆಯುಷ್ಯವನ್ನು 10 ವರ್ಷ, ವರ್ಷಕ್ಕೆ 1000 ಗಂಟೆಯಂತೆ ಒಟ್ಟು 10,000 ಗಂಟೆ ಎಂದು ಹಿಡಿಯುವುದು ಕೃಷಿ ಇಂಜಿನಿಯರುಗಳ ವಾಡಿಕೆ. ನಮ್ಮ ರೈತರಲ್ಲಿ ಅನೇಕರ ಟ್ರ್ಯಾಕ್ಟರ್ ವರ್ಷಕ್ಕೆ ಇದರ ಅರ್ಧದಷ್ಟೂ ದುಡಿಯುವುದಿಲ್ಲ. ಆದ್ದರಿಂದ 12 ವರ್ಷದ್ದೆಲ್ಲ ಮುದಿಯಾಯಿತೆಂದು ಹೇಳಲಾಗದು. ಬಾಡಿಗೆಗೆ ಬಿಡುವಿಲ್ಲದೆ ಓಡಿದ 6 ವರ್ಷದ ಗಾಡಿ ಅದಕ್ಕಿಂತ ಹೆಚ್ಚು ಸವೆದಿರಬಹುದು.

ಗಂಟೆ ತೋರಿಸುವ ಮೀಟರ್ ಕೆಟ್ಟಿದ್ದರೆ ಡೀಸೆಲ್ಲಿನಿಂದ ಅಂದಾಜು ಮಾಡಬಹುದು. 45 ಅಶ್ವಶಕ್ತಿಯ ಟ್ರ್ಯಾಕ್ಟರ್ ಗಂಟೆಗೆ ಸರಾಸರಿ 5 ಲೀಟರ್ ಕುಡಿಯುತ್ತದೆಂದು ಹಿಡಿದರೆ, ವರ್ಷಕ್ಕೆ 2,500 ಲೀಟರ್ ಹಾಕಿಸಿದವರ ಗಾಡಿ ಸುಮಾರು 500 ಗಂಟೆ ದುಡಿದಂತಾಯಿತು.

ಎರಡು ಪಟ್ಟಿ ಬರೆಯಿರಿ

ಈಗ ಒಂದು ಹಾಳೆಯಲ್ಲಿ ಎರಡು ಪಟ್ಟಿ ಮಾಡಬೇಕು. ಹಳೆಯದನ್ನು ಇನ್ನೊಂದು ವರ್ಷ ಇಟ್ಟುಕೊಂಡರೆ ಆಗುವ ಖರ್ಚು ಒಂದು. ಹೊಸದಕ್ಕೆ ಸರಾಸರಿ ಒಂದು ವರ್ಷಕ್ಕೆ ಬೀಳುವ ಖರ್ಚು ಇನ್ನೊಂದು. ಚಾಲಕನ ಕೂಲಿ ಮತ್ತು ಮಾಮೂಲಿ ಡೀಸೆಲ್ ಎರಡಕ್ಕೂ ಸಮಾನವಾದುದರಿಂದ ಅವನ್ನು ಬಿಡಬಹುದು. ಕೆಳಗಿನ ಅಂಕಿಗಳು ಲೆಕ್ಕದ ವಿಧಾನ ತಿಳಿಸಲು ಇಟ್ಟುಕೊಂಡವು. ಇವುಗಳ ಜಾಗದಲ್ಲಿ ನಿಮ್ಮ ಅಂಕಿಗಳನ್ನು ತುಂಬಿರಿ.

ಹಳೆಯ ಟ್ರ್ಯಾಕ್ಟರ್, ವರ್ಷಕ್ಕೆ 500 ಗಂಟೆ:
ಇಂದು ಮಾರಿದರೆ 2,50,000 ರೂ., ಬರುವ ವರ್ಷ 2,25,000 ರೂ.; ಬೆಲೆಯ ಇಳಿತ – 25,000 ರೂ.
2,50,000 ರೂ. ಮೇಲೆ ಶೇ. 10 ಬಡ್ಡಿ – 25,000 ರೂ.
ರಿಪೇರಿ, ಗಂಟೆಗೆ 120 ರೂ. – 60,000 ರೂ.
ಹೊಸದಕ್ಕಿಂತ ಹೆಚ್ಚಾಗಿ ಸುಡುವ ಡೀಸೆಲ್, ಗಂಟೆಗೆ ಅರ್ಧ ಲೀಟರ್, ಲೀಟರಿಗೆ 90 ರೂ. – 22,500 ರೂ.
ವಿಮೆ – 5,000 ರೂ.
ಒಟ್ಟು – 1,37,500 ರೂ.

ಹೊಸ ಟ್ರ್ಯಾಕ್ಟರ್, ವರ್ಷಕ್ಕೆ 500 ಗಂಟೆ:
ಬೆಲೆ 8,00,000 ರೂ., 10 ವರ್ಷದ ನಂತರ 2,00,000 ರೂ.; ವರ್ಷಕ್ಕೆ ಇಳಿತ – 60,000 ರೂ.
ಸರಾಸರಿ ಬಂಡವಾಳ 5,00,000 ರೂ. ಮೇಲೆ ಶೇ. 10 ಬಡ್ಡಿ – 50,000 ರೂ.
ರಿಪೇರಿ, ಗಂಟೆಗೆ 50 ರೂ. – 25,000 ರೂ.
ವಿಮೆ – 10,000 ರೂ.
ಒಟ್ಟು – 1,45,000 ರೂ.

ಇಷ್ಟು ರಿಪೇರಿ ಖರ್ಚಿದ್ದರೂ ಹಳೆಯದೇ 7,500 ರೂಪಾಯಿ ಅಗ್ಗವಾಯಿತು. ಇದೇ ಲೆಕ್ಕವನ್ನು 250 ಗಂಟೆಗೆ ಮಾಡಿದರೆ ಹಳೆಯದಕ್ಕೆ 96,250 ರೂ., ಹೊಸದಕ್ಕೆ 1,32,500 ರೂ. ಬೀಳುತ್ತದೆ. 900 ಗಂಟೆಗೆ ಮಾಡಿದರೆ ಹಳೆಯದಕ್ಕೆ 2,03,500 ರೂ., ಹೊಸದಕ್ಕೆ 1,65,000 ರೂ. ಹೊಸದರ ಖರ್ಚಿನಲ್ಲಿ ಹೆಚ್ಚಿನ ಭಾಗ ಅದು ಶೆಡ್ಡಿನಲ್ಲಿ ನಿಂತಿದ್ದರೂ ತಪ್ಪದು. ಹಳೆಯದರ ಖರ್ಚು ದುಡಿದಂತೆಲ್ಲ ಏರುತ್ತದೆ. ಈ ಉದಾಹರಣೆಯಲ್ಲಿ ಎರಡೂ ಸಮವಾಗುವುದು ಸುಮಾರು 565 ಗಂಟೆಗೆ. ಅದಕ್ಕಿಂತ ಕಡಿಮೆ ದುಡಿಸುವವರಿಗೆ ಹಳೆಯದು ಲೇಸು. ಹೆಚ್ಚು ದುಡಿಸುವವರಿಗೆ ಹೊಸದು ಲೇಸು.

ಇಲ್ಲಿ ಒಂದು ಎಚ್ಚರಿಕೆ ಬೇಕು. "ಹೋದ ವರ್ಷ ಇಂಜಿನ್ ಬಿಚ್ಚಿಸಿ 80 ಸಾವಿರ ಹಾಕಿದ್ದೇನೆ, ಈಗ ಹೇಗೆ ಮಾರಲಿ?" ಎಂದು ಅನೇಕರು ಹಿಂಜರಿಯುತ್ತಾರೆ. ಹಾಕಿದ ಹಣ ಇಟ್ಟುಕೊಂಡರೂ ಮರಳದು, ಮಾರಿದರೂ ಮರಳದು. ಆ ರಿಪೇರಿಯಿಂದ ಮುಂದಿನ ವರ್ಷದ ಖರ್ಚು ಎಷ್ಟು ತಗ್ಗಿತು, ಮಾರುವ ಬೆಲೆ ಎಷ್ಟು ಏರಿತು ಎಂಬುದಷ್ಟೇ ಪಟ್ಟಿಗೆ ಬರಬೇಕು.

ಹದ ತಪ್ಪಿದರೆ ಆಗುವ ನಷ್ಟ

ಬೆದೆ ಬಂದಾಗ ಬಿತ್ತು, ಹದ ಬಂದಾಗ ಹರಗು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಎರೆ ಭೂಮಿ ಹಸಿಯಿದ್ದಾಗ ಅಂಟುತ್ತದೆ, ಒಣಗಿದರೆ ಕಲ್ಲಾಗುತ್ತದೆ. ಇವೆರಡರ ನಡುವೆ ಕೆಲಸಕ್ಕೆ ಸಿಗುವುದು ಕೆಲವೇ ದಿನ. ಹಿಂಗಾರಿ ಜೋಳ, ಕಡಲೆ ಬಿತ್ತುವಾಗ ತಡವಾದಷ್ಟೂ ಮೇಲ್ಮಣ್ಣಿನ ತೇವ ಆರುತ್ತದೆ, ಮೊಳಕೆ ವಿರಳವಾಗುತ್ತದೆ. ಭತ್ತದಲ್ಲಿ ಕಾಲುವೆ ನೀರು ಬಂದಾಗ ಎಲ್ಲರ ಗದ್ದೆಯೂ ಒಮ್ಮೆಗೇ ಕೆಸರಿಗೆ ಬರುತ್ತದೆ. ಮಡಿಯಲ್ಲಿ ಸಸಿ ಬಲಿಯುತ್ತಿರುವಾಗ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿದ್ದರೆ, ನಾಟಿಯಾದ ಮೇಲೆ ಬಲಿತ ಸಸಿ ತೆಂಡೆ ಒಡೆಯುವುದು ಕಡಿಮೆಯಾಗುತ್ತದೆ. ಈ ನಷ್ಟ ಗ್ಯಾರೇಜಿನ ಬಿಲ್ಲಿನಲ್ಲಿ ಕಾಣುವುದಿಲ್ಲ.

ಇದಕ್ಕೂ ಲೆಕ್ಕ ಹಾಕಬಹುದು. ಕೆಸರು ಮಾಡುವ ಕಾಲದಲ್ಲಿ ಗಾಡಿ 4 ದಿನ ನಿಂತಿತೆನ್ನಿ. ದಿನಕ್ಕೆ 8 ಗಂಟೆಯಂತೆ 32 ಗಂಟೆ. ಡೀಸೆಲ್ ಸೇರಿ ಗಂಟೆಗೆ 1,000 ರೂ. ಬಾಡಿಗೆಯಾದರೆ 32,000 ರೂ. ನಿಮ್ಮ ಡೀಸೆಲ್ ಉಳಿದದ್ದು 160 ಲೀಟರ್, ಅಂದರೆ 14,400 ರೂ. ಕಳೆದರೆ 17,600 ರೂ. ನಿವ್ವಳ ನಷ್ಟ. ಇದನ್ನು ಹಳೆಯದರ 1,37,500ಕ್ಕೆ ಕೂಡಿಸಿದರೆ 1,55,100 ರೂ. ಆಯಿತು, ಈಗ ಹೊಸದೇ ಅಗ್ಗ! ಬಾಡಿಗೆ ಗಾಡಿಯೂ ಸಿಗದಿದ್ದರೆ ನಷ್ಟ ಇನ್ನೂ ಹೆಚ್ಚು. ಆದರೆ ಅಣ್ಣ ತಮ್ಮಂದಿರೋ ನೆರೆಹೊಲದವರೋ ಮುಯ್ಯಿಗೆ ಗಾಡಿ ಕೊಡುವಂತಿದ್ದರೆ ಈ ನಷ್ಟ ಅಷ್ಟು ಕಾಡದು. ಬೇಸಿಗೆಯಲ್ಲಿ ನಾಲ್ಕು ದಿನ ನಿಂತರೆ ನಷ್ಟವೇ ಇಲ್ಲ. ಆದ್ದರಿಂದ ಹಳೆಯದನ್ನು ಇಟ್ಟುಕೊಳ್ಳುವವರು ಕಾಲುವೆ ನಿಂತಿರುವ ಬೇಸಿಗೆಯಲ್ಲಿಯೇ ರಿಪೇರಿ ಮುಗಿಸಬೇಕು. ನೀರು ಬಿಟ್ಟ ಮೇಲೆ ಮೇಸ್ತ್ರಿಯನ್ನು ಹುಡುಕುವುದು ತರವಲ್ಲ.

ಅಣೆಕಟ್ಟೆಯಿಂದ ಕಲಿತ ಪಾಠ

ಸವೆದ ಭಾಗ ಮುರಿಯುವುದು ಅದರ ಮೇಲೆ ಭಾರ ಹೆಚ್ಚಾಗಿರುವಾಗ. ಇದಕ್ಕೆ ನಮ್ಮ ತುಂಗಭದ್ರೆಯೇ ಸಾಕ್ಷಿ. 2024ರ ಆಗಸ್ಟ್ 10ರ ರಾತ್ರಿ, ಜಲಾಶಯ ತುಂಬಿದ್ದಾಗಲೇ, 19ನೆಯ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಒಂದು ವಾರದಲ್ಲಿ ಹರಿವ ನೀರಿನಲ್ಲಿಯೇ ತಾತ್ಕಾಲಿಕ ಗೇಟನ್ನು ಕೂರಿಸಿದ್ದು ತಂತ್ರಜ್ಞರ ಸಾಹಸ. ಮುಂದೆ 33 ಗೇಟುಗಳನ್ನೂ ಬದಲಿಸುವ ಕೆಲಸಕ್ಕಾಗಿ 2025-26ರಲ್ಲಿ ಎರಡನೆಯ ಬೆಳೆಗೆ ನೀರು ಬಿಡದಿರುವ ತೀರ್ಮಾನವಾಯಿತು. ಅದಕ್ಕೆ ಮೊದಲು 2023ರಲ್ಲಿ ಬರ ಬಂದಿತ್ತು.

ಟ್ರ್ಯಾಕ್ಟರ್ ಕೊಳ್ಳುವವರು ಇದರಿಂದ ತಿಳಿಯಬೇಕಾದದ್ದು ಇನ್ನೊಂದು ಇದೆ. ಎರಡು ಬೆಳೆಯ ವರ್ಷವನ್ನು ನೆಚ್ಚಿ ಸಾಲ ಮಾಡಬಾರದು. ಒಂದೇ ಬೆಳೆಯಾದ ವರ್ಷ ಟ್ರ್ಯಾಕ್ಟರಿನ ಗಂಟೆಗಳೂ ಕುಗ್ಗುತ್ತವೆ, ಕೈಗೆ ಬರುವ ಹಣವೂ ಕುಗ್ಗುತ್ತದೆ. ಕಂತು ಮಾತ್ರ ಕುಗ್ಗದು. ಮೇಲಿನ ಉದಾಹರಣೆಯಲ್ಲಿ ಹಳೆಯದನ್ನು ಕೊಟ್ಟು ಉಳಿದ 5,50,000 ರೂ. ಸಾಲ ಮಾಡಿದಿರಿ ಎನ್ನಿ. 5 ವರ್ಷ, ಆರು ತಿಂಗಳಿಗೊಂದು ಕಂತು, ಶೇ. 10 ಬಡ್ಡಿ. ಅಸಲು ಕಂತಿಗೆ 55,000 ರೂ. ಮೊದಲ ಕಂತು ಬಡ್ಡಿ ಸೇರಿ 82,500 ರೂ., ಎರಡನೆಯದು 79,750 ರೂ.; ಮೊದಲ ವರ್ಷಕ್ಕೆ ಒಟ್ಟು 1,62,250 ರೂ. ಒಂದೇ ಬೆಳೆಯ ಆದಾಯದಲ್ಲಿ ಮನೆಯ ಖರ್ಚು, ಬೀಜ, ಗೊಬ್ಬರ ಕಳೆದು ಇಷ್ಟು ಉಳಿಯುವುದೇ? ಉಳಿಯದಿದ್ದರೆ, ಪಟ್ಟಿಯಲ್ಲಿ ಹೊಸದು ಅಗ್ಗವೆಂದು ಕಂಡರೂ ಕೊಳ್ಳುವುದು ಅಪಾಯ. ಹೊಲವನ್ನು ಅಡವಿಟ್ಟು ತಂದ ಟ್ರ್ಯಾಕ್ಟರ್ ಹೊಲವನ್ನೇ ನುಂಗಬಾರದು.

ಗಾಡಿಯನ್ನು ಪರೀಕ್ಷಿಸುವ ಬಗೆ

ಎಲ್ಲ ದೋಷವೂ ಮುದಿತನವಲ್ಲ. ಕಪ್ಪು ಹೊಗೆ ಬಂದರೆ ಏರ್ ಕ್ಲೀನರ್ ಕಟ್ಟಿರಬಹುದು, ಇಂಜೆಕ್ಟರ್ ಕೆಟ್ಟಿರಬಹುದು, ಇಲ್ಲವೆ ಹೊರೆ ಮಿತಿಮೀರಿರಬಹುದು. ಇವು ಸಣ್ಣ ಖರ್ಚಿನಲ್ಲಿ ಸರಿಹೋಗುತ್ತವೆ. ನೀಲಿ ಹೊಗೆ ಬಿಡದೆ ಬಂದು ಆಯಿಲ್ ಕಡಿಮೆಯಾಗುತ್ತಿದ್ದರೆ ರಿಂಗು, ಲೈನರ್ ಸವೆದಿರುವ ಸಂಭವವುಂಟು. ಆಯಿಲ್ ಹಾಲು ಬೆರೆಸಿದಂತೆ ಬಿಳುಪಾದರೆ ನೀರು ಸೇರಿದೆಯೆಂದು ತಿಳಿದು ಕೂಡಲೇ ಇಂಜಿನ್ ನಿಲ್ಲಿಸಬೇಕು. ಕೆಸರಿನಲ್ಲಿ ದುಡಿದ ಗಾಡಿಯ ಮುಂದಿನ ಗಾಲಿಗಳ ಬೇರಿಂಗ್ ಮತ್ತು ಆಯಿಲ್ ಸೀಲುಗಳನ್ನು ಪ್ರತಿ ಹಂಗಾಮು ನೋಡಿಸುವುದು ಅಗತ್ಯ.

ಇಂಜಿನ್, ಗೇರ್ ಬಾಕ್ಸ್, ಹೈಡ್ರಾಲಿಕ್ ಈ ಮೂರರಲ್ಲಿ ಒಂದಕ್ಕೆ ಮಾತ್ರ ದೊಡ್ಡ ರಿಪೇರಿ ಬೇಕಿದ್ದರೆ ಮಾಡಿಸಿ ಮುಂದುವರಿಯುವ ಯೋಚನೆ ಸಲ್ಲುತ್ತದೆ. ಎರಡು ಮೂರು ಒಟ್ಟಿಗೆ ಕೆಟ್ಟಿದ್ದರೆ, ಅಥವಾ ಬಿಡಿಭಾಗಗಳಿಗೆ ಸಿಂಧನೂರಿನಲ್ಲಿ ಸಿಗದೆ ದೂರದ ಊರಿಗೆ ಅಲೆಯಬೇಕಾದರೆ, ಅದನ್ನು ಮಾರುವ ಕಾಲ ಬಂದಿದೆ.

ತೆರಿಗೆ ಮತ್ತು ಕಾಗದಪತ್ರ

2025ರ ಸೆಪ್ಟೆಂಬರ್ 22ರಿಂದ ಕೃಷಿ ಟ್ರ್ಯಾಕ್ಟರುಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಟ್ರ್ಯಾಕ್ಟರ್ ಟಯರು, ಟ್ಯೂಬುಗಳದ್ದು ಶೇ. 18ರಿಂದ ಶೇ. 5ಕ್ಕೆ ಇಳಿದಿದೆ. ಹೊಸದು ಅಗ್ಗವಾದಂತೆ ಹಳೆಯದರ ದುರಸ್ತಿಯೂ ಕೊಂಚ ಅಗ್ಗವಾಯಿತು ಎಂಬುದನ್ನು ಮರೆಯಬಾರದು. 50 ಅಶ್ವಶಕ್ತಿಗೆ ಮೀರಿದ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಬಿಗಿಯಾದ ಹೊಗೆ ನಿಯಮ ಜಾರಿಯಾಗಿದೆ. ಅವುಗಳ ಇಂಜಿನ್ ಹಳೆಯವುಗಳಿಗಿಂತ ಜಟಿಲ. ನಿಮ್ಮ ಕೆಲಸಕ್ಕೆ ಅಷ್ಟು ಶಕ್ತಿ ಬೇಕೇ ಎಂದು ಮೊದಲು ಯೋಚಿಸಿರಿ.

ಕೃಷಿ ಟ್ರ್ಯಾಕ್ಟರಿನ ನೋಂದಣಿ 15 ವರ್ಷದವರೆಗೆ ಇರುತ್ತದೆ. ನಂತರ ಗಾಡಿಯನ್ನು ತೋರಿಸಿ ನವೀಕರಿಸಿಕೊಳ್ಳಬೇಕು. ಮೂರನೆಯವರ ವಿಮೆಯಿಲ್ಲದೆ ರಸ್ತೆಗಿಳಿಸಕೂಡದು. ಭತ್ತ, ಹತ್ತಿ ಸಾಗಿಸಲು ಹಳೆಯ ಲಾರಿ ಅಥವಾ ಸಣ್ಣ ಸರಕು ಗಾಡಿ ಇಟ್ಟುಕೊಂಡವರಿಗೂ ಇದೇ ಎರಡು ಪಟ್ಟಿಯ ಲೆಕ್ಕ ಸಲ್ಲುತ್ತದೆ, ಗಂಟೆಯ ಬದಲು ಕಿಲೋಮೀಟರ್ ಹಿಡಿಯಬೇಕು ಅಷ್ಟೆ. ಅಂಥ ಗಾಡಿಗಳಿಗೆ 8 ವರ್ಷದ ನಂತರ ಪ್ರತಿ ವರ್ಷ ಫಿಟ್‌ನೆಸ್ ಪ್ರಮಾಣಪತ್ರ ಪಡೆಯಬೇಕಾಗುವುದರಿಂದ ಆ ಖರ್ಚನ್ನೂ ಹಳೆಯದರ ಪಟ್ಟಿಗೆ ಸೇರಿಸಬೇಕು.

ಮೂರನೆಯ ದಾರಿ

ಕೆಲವು ಎಕರೆಯಷ್ಟೇ ಹೊಲವಿದ್ದು, ಬಾಡಿಗೆಗೂ ಓಡಿಸದವರಿಗೆ ಹಳೆಯದೂ ಬೇಡ, ಹೊಸದೂ ಬೇಡವಾಗಬಹುದು. ಮೇಲಿನ ಉದಾಹರಣೆಯಲ್ಲಿ 100 ಗಂಟೆಯಷ್ಟೇ ದುಡಿಯುವ ಹಳೆಯ ಗಾಡಿಗೂ ಮಾಮೂಲಿ ಡೀಸೆಲ್, ಚಾಲಕ ಬಿಟ್ಟೇ 71,500 ರೂ. ತಗಲುತ್ತದೆ. ಭತ್ತದ ಕಟಾವು ಯಂತ್ರವನ್ನು ನಾವು ಕೊಳ್ಳುವುದಿಲ್ಲ, ಬಾಡಿಗೆಗೆ ತರಿಸುತ್ತೇವೆ. ಟ್ರ್ಯಾಕ್ಟರಿಗೂ ಈ ಕ್ರಮ ಒಗ್ಗುವುದಾದರೆ ಒಳ್ಳೆಯದೇ. ರಾಜ್ಯದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳ ದರವನ್ನು, ಹದದ ಕಾಲದಲ್ಲಿ ಯಂತ್ರ ಸಿಗುವುದೇ ಎಂಬುದನ್ನು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿರಿ.

ಒಟ್ಟಿನಲ್ಲಿ, ತೀರ್ಮಾನಕ್ಕೆ ಮುನ್ನ ಒಂದು ವರ್ಷ ಟ್ರ್ಯಾಕ್ಟರಿನ ಹೆಸರಿನಲ್ಲಿ ಒಂದು ನೋಟು ಬುಕ್ ಇಡಿ. ಡೀಸೆಲ್, ಆಯಿಲ್, ರಿಪೇರಿ, ದುಡಿದ ಗಂಟೆ, ನಿಂತ ದಿನ ಮತ್ತು ಆ ದಿನ ಹೊಲದಲ್ಲಿ ಯಾವ ಕೆಲಸವಿತ್ತು ಎಂಬುದನ್ನು ಬರೆಯಿರಿ. ಬೇಸಿಗೆಯಲ್ಲಿ ಎರಡು ಪಟ್ಟಿ ಮಾಡಿ, ಒಂದೇ ಬೆಳೆಯ ವರ್ಷದ ಕಂತನ್ನು ಅದರ ಪಕ್ಕದಲ್ಲಿಡಿ. ಆಮೇಲೆ ತಂದೆ ಮಕ್ಕಳು ಆ ಹಾಳೆಯನ್ನು ನಡುವೆ ಇಟ್ಟುಕೊಂಡು ಕೂರಲಿ. ಮಾತಿನಿಂದ ಮುಗಿಯದ ವಾದ ಎಷ್ಟೋ ಸಲ ಅಂಕಿಗಳಿಂದ ಮುಗಿಯುತ್ತದೆ.