ಝುಬೈದಾರ ಹಾದಿಯ ಮೇಲೊಂದು ವಿಮಾನಯಾನ

1945ರ ಫೆಬ್ರವರಿ 14ರಂದು ಈಜಿಪ್ಟಿನ ಗ್ರೇಟ್ ಬಿಟರ್ ಸರೋವರದಲ್ಲಿ ನಿಂತಿದ್ದ ಯುದ್ಧನೌಕೆಯೊಂದರಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಮತ್ತು ಸೌದಿ ಅರೇಬಿಯಾದ ದೊರೆ ಅಬ್ದುಲ್ ಅಝೀಝ್ ಪರಸ್ಪರ ಭೇಟಿಯಾದರು. ಅವರ ರಾಜಕೀಯ ಮಾತುಕತೆ ಇಲ್ಲಿ ನಮಗೆ ಬೇಡ. ಅದೇ ವರ್ಷ ದೊರೆಗೆ ಅಮೆರಿಕದಿಂದ ಒಂದು ಉಡುಗೊರೆ ಬಂತು. ಅದು ಡಿಸಿ-3 ಎಂಬ ಪ್ರಯಾಣಿಕ ವಿಮಾನ. ಸೌದಿಯ ವಿಮಾನ ಸಂಸ್ಥೆ ಶುರುವಾದದ್ದು ಆ ಒಂದು ವಿಮಾನದಿಂದ. ಮರುವರ್ಷವೇ ಆ ಸಂಸ್ಥೆ ಫೆಲೆಸ್ತೀನಿನ ಲಿದ್ದಾದಿಂದ ಜಿದ್ದಾಕ್ಕೆ ಹಜ್ಜ್ ಯಾತ್ರಿಕರನ್ನು ಕರೆತಂದಿತು. ತಿಂಗಳುಗಟ್ಟಲೆ ಒಂಟೆಯ ಬೆನ್ನಿನಲ್ಲಿ ಕಳೆಯುತ್ತಿದ್ದ ದಾರಿ ಕೆಲವು ಗಂಟೆಗಳ ಮಾತಾಯಿತು. ನಮ್ಮ ದೇಶದವರಿಗಾದರೋ ಹಡಗು ಬಹಳ ಕಾಲ ಉಳಿಯಿತು. ಮುಂಬೈ-ಜಿದ್ದಾ ಹಜ್ಜ್ ಹಡಗು ನಿಂತದ್ದು 1995ರಲ್ಲಿ.

ಆ ಡಿಸಿ-3ರಲ್ಲಿ ಕುಳಿತು ಇರಾಕಿನ ನಜಫ್‌ನಿಂದ ಜಿದ್ದಾದವರೆಗೆ ನಾನೂ ಹೋಗಿ ಬಂದೆ ಎಂದರೆ ನೀವು ನಗಬಹುದು. ಹೋದದ್ದು ನಿಜ, ಆದರೆ ಕಂಪ್ಯೂಟರಿನ ಪರದೆಯ ಮೇಲೆ. ವಿಮಾನ ಹಾರಿಸಿದವನು ಇಂಜಿನಿಯರಿಂಗ್ ಓದುತ್ತಿರುವ ನನ್ನ ತಂಗಿಯ ಮಗ.

ಫ್ಲೈಟ್ ಸಿಮ್ಯುಲೇಟರ್ ಎಂಬುದನ್ನು ಮಕ್ಕಳ ಆಟವೆಂದು ತಳ್ಳಿಹಾಕುವವರಿದ್ದಾರೆ. ಮೈಕ್ರೋಸಾಫ್ಟ್ ಕಂಪೆನಿ ಇದನ್ನು ಮೊದಲು ಹೊರತಂದದ್ದು 1982ರಲ್ಲಿ. ಆಗ ಪರದೆಯಲ್ಲಿ ಕೆಲವು ಗೆರೆಗಳು, ನಾಲ್ಕಾರು ಬಣ್ಣಗಳು, ಅಷ್ಟೆ. 2020ರ ಆವೃತ್ತಿ ಬಂದಾಗ ಉಪಗ್ರಹದಿಂದ ತೆಗೆದ ಚಿತ್ರಗಳೂ ನೆಲದ ಏರುತಗ್ಗುಗಳ ಲೆಕ್ಕವೂ ಸೇರಿ ಇಡೀ ಭೂಮಿಯೇ ಅದರೊಳಗೆ ಬಂದುಬಿಟ್ಟಿತು. ಆ ಕ್ಷಣದಲ್ಲಿ ಆ ಊರಿನಲ್ಲಿ ಗಾಳಿ ಎತ್ತ ಬೀಸುತ್ತಿದೆ, ಮೋಡ ಇದೆಯೇ ಎಂಬುದನ್ನು ಇಂಟರ್ನೆಟ್ ಮೂಲಕ ತರಿಸಿಕೊಂಡು ವಿಮಾನವನ್ನು ಅದಕ್ಕೆ ತಕ್ಕಂತೆ ಅಲ್ಲಾಡಿಸುತ್ತದೆ. 2022ರಲ್ಲಿ ಸಿಮ್ಯುಲೇಟರಿಗೆ 40 ವರ್ಷ ತುಂಬಿದಾಗ ಹಳೆಯ ಕಾಲದ ಕೆಲವು ವಿಮಾನಗಳನ್ನು ಸೇರಿಸಿದರು. ಅವುಗಳಲ್ಲಿ ಡಿಸಿ-3 ಕೂಡ ಒಂದು.

ಈ ವಿಮಾನ ಮೊದಲು ಹಾರಿದ್ದು 1935ರ ಡಿಸೆಂಬರ್ 17ರಂದು. ಮುಂದೆ ಎರಡು ದೊಡ್ಡ ಚಕ್ರ, ಬಾಲದ ಕೆಳಗೆ ಒಂದು ಪುಟ್ಟ ಚಕ್ರ. ಆದ್ದರಿಂದ ನೆಲದ ಮೇಲೆ ಮೂಗೆತ್ತಿ ನಿಲ್ಲುತ್ತದೆ. ಹತ್ತಿದ ಪ್ರಯಾಣಿಕರು ಸೀಟಿಗೆ ಹೋಗಲು ಗುಡ್ಡ ಏರಿದಂತೆ ಏರಬೇಕು. 21 ಸೀಟು, ಎರಡು ಇಂಜಿನ್. ಇಂದಿನ ಜೆಟ್ ವಿಮಾನಗಳಂತೆ ಒಳಗೆ ಗಾಳಿಯ ಒತ್ತಡ ಕಾಯ್ದಿಡುವ ವ್ಯವಸ್ಥೆ ಇಲ್ಲದ್ದರಿಂದ ಬಹಳ ಎತ್ತರಕ್ಕೆ ಹೋಗುವಂತಿಲ್ಲ. ವೇಗವೂ ಗಂಟೆಗೆ ಸುಮಾರು 270 ಕಿಲೋಮೀಟರ್ ಮಾತ್ರ. ನಮ್ಮ ದೇಶದಲ್ಲಿ ಇದರ ಸೈನಿಕ ರೂಪಕ್ಕೆ ಡಕೋಟಾ ಎಂದು ಹೆಸರು. ಆಗ ಕರ್ನಾಟಕದಿಂದ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಅವರು ಬ್ರಿಟನ್ನಿನಲ್ಲಿ ಹಳೆಯ ಡಕೋಟಾ ಒಂದನ್ನು ದುರಸ್ತಿ ಮಾಡಿಸಿ ವಾಯುಸೇನೆಗೆ ಕೊಡುಗೆಯಾಗಿ ಕೊಟ್ಟರು. ಅದು 2018ರ ಏಪ್ರಿಲ್‌ನಲ್ಲಿ ಜೋರ್ಡಾನ್, ಸೌದಿ, ಬಹ್ರೈನ್, ಒಮಾನ್‌ಗಳ ಮರಳುಗಾಡನ್ನು ದಾಟಿ ಗುಜರಾತಿನ ಜಾಮ್‌ನಗರಕ್ಕೆ ಬಂದಿಳಿಯಿತು. ಹಾರಾಡುವ ಡಕೋಟಾ ಇನ್ನೂ ಇದೆ ಎಂದು ಗೊತ್ತಾದದ್ದು ಆಗಲೇ.

ಮರುಭೂಮಿ ನೋಡಲು ಇಂತಹ ನಿಧಾನದ ವಿಮಾನವೇ ಸರಿ. ಗಲ್ಫಿಗೆ ಹೋಗುವ ನಮ್ಮವರು ಮೂವತ್ತೈದು ಸಾವಿರ ಅಡಿ ಮೇಲಿಂದ ಹೋಗುತ್ತಾರೆ, ಅದೂ ಬಹುಪಾಲು ರಾತ್ರಿ. ಅವರಿಗೆ ಏನೂ ಕಾಣುವುದಿಲ್ಲ. ನಾವು ಎಂಟು ಸಾವಿರ ಅಡಿಯಲ್ಲಿ ಹೋದೆವು. ದಾರಿ ಯಾವುದಿರಬೇಕೆಂದು ಹುಡುಗ ಕೇಳಿದಾಗ ನಾನು ಹೇಳಿದ್ದು ದರ್ಬ್ ಝುಬೈದಾ, ಅಂದರೆ ಝುಬೈದಾರ ಹಾದಿ.

ಇದು ಕೂಫಾದಿಂದ ಮಕ್ಕಾದವರೆಗಿನ ಹಜ್ಜ್ ಯಾತ್ರಿಕರ ದಾರಿ, 1,400 ಕಿಲೋಮೀಟರಿಗೂ ಹೆಚ್ಚು ಉದ್ದ. ಖಲೀಫ ಹಾರೂನ್ ರಶೀದರ ಪತ್ನಿ ಝುಬೈದಾ ಈ ದಾರಿಯನ್ನು ಹೊಸದಾಗಿ ಮಾಡಿದವರಲ್ಲ. ಆಕೆಗೆ ಮುಂಚೆಯೂ ಜನ ಇಲ್ಲಿ ನಡೆಯುತ್ತಿದ್ದರು, ಮೊದಲ ಅಬ್ಬಾಸಿ ಖಲೀಫರು ಮೈಲಿಗಲ್ಲುಗಳನ್ನೂ ನೆಡಿಸಿದ್ದರು. ಆದರೆ ನೀರಿಲ್ಲದ ಕಡೆ ಬಾವಿ ತೋಡಿಸಿ, ಮಳೆನೀರು ಹಿಡಿಯುವ ಕೊಳಗಳನ್ನು ಕಟ್ಟಿಸಿ, ತಂಗುದಾಣಗಳನ್ನು ಮಾಡಿಸಿದ್ದರಿಂದ ದಾರಿಗೆ ಆಕೆಯ ಹೆಸರೇ ನಿಂತಿತು. ಮಕ್ಕಾಕ್ಕೆ ನೀರು ತಂದ ಐನ್ ಝುಬೈದಾ ಕಾಲುವೆಯೂ ಆಕೆಯದೇ. ಖಲೀಫರ ಮನೆಯ ಹಣ ಎಲ್ಲೆಲ್ಲಿಗೋ ಹೋಗುತ್ತಿದ್ದ ಕಾಲ ಅದು. ಒಬ್ಬ ಹೆಣ್ಣುಮಗಳು ಅದನ್ನು ದಾರಿಹೋಕರ ಬಾಯಾರಿಕೆಗೆ ಸುರಿದಳು. ಆಕೆ ತೀರಿಕೊಂಡದ್ದು 831ರಲ್ಲಿ. ಮುನ್ನೂರೈವತ್ತು ವರ್ಷಗಳ ನಂತರ, 1184ರಲ್ಲಿ, ಈ ದಾರಿಯಲ್ಲಿ ಬಂದ ಅಂದಲೂಸಿನ ಯಾತ್ರಿಕ ಇಬ್ನ್ ಜುಬೈರ್ ಕೂಡ ಆಕೆಯ ಕೊಳಗಳನ್ನು ಹೊಗಳಿ ಬರೆದಿದ್ದಾರೆ.

ನಜಫ್ ಕೂಫಾಕ್ಕೆ ತಾಗಿಕೊಂಡೇ ಇರುವ ಊರು. ಅಲ್ಲಿನ ವಿಮಾನ ನಿಲ್ದಾಣದಿಂದ ಹೊರಡುವಾಗ ಹುಡುಗ ಒಂದೊಂದೇ ಇಂಜಿನ್ ಚಾಲೂ ಮಾಡಿದ. ಬುಸ್ಸೆಂದು ಹೊಗೆ ಕಕ್ಕಿ, ಕೆಮ್ಮಿ, ಆಮೇಲೆ ಹದಕ್ಕೆ ಬಂತು. ರನ್‌ವೇ ಮೇಲೆ ಓಡುತ್ತಲೇ ಇತ್ತು, ಏಳಲೇ ಇಲ್ಲ. “ಖಾಲಾ, ಸೆಕೆ ಹೆಚ್ಚಿದ್ದರೆ ಗಾಳಿ ತೆಳುವಾಗುತ್ತದೆ. ರೆಕ್ಕೆಗೆ ಎತ್ತುವ ಬಲ ಸಾಲದು, ಜಾಸ್ತಿ ಓಡಬೇಕು” ಎಂದ. ಮೇಲೇರಿದ ಸ್ವಲ್ಪ ಹೊತ್ತಿಗೇ ಯೂಫ್ರೆಟಿಸ್ ನದಿಯ ಹಸಿರು ಮುಗಿಯಿತು. ಚಾಕುವಿನಲ್ಲಿ ಕೊಯ್ದ ಹಾಗೆ ಒಂದು ಗೆರೆ. ಈಚೆಗೆ ಖರ್ಜೂರದ ತೋಟ, ಆಚೆಗೆ ಬೂದು ನೆಲ.

ಆಮೇಲೆ ಒಂದು ಗಂಟೆ ಏನೂ ಇಲ್ಲ. ನಿಜವಾಗಿ ಏನೂ ಇಲ್ಲ. ಗುರುತು ಹಿಡಿಯಲು ಒಂದು ಮರವಿಲ್ಲ, ಊರಿಲ್ಲ. ಇಂತಲ್ಲಿ ಹಳೆಯ ಪೈಲಟ್‌ಗಳು ದಾರಿ ಕಂಡುಕೊಂಡದ್ದು ಹೇಗೆ? ದಿಕ್ಸೂಚಿ, ಗಡಿಯಾರ, ನೆಲದ ಗುರುತು, ರೇಡಿಯೊ. 1921ರಲ್ಲಿ ಬ್ರಿಟಿಷ್ ವಾಯುಪಡೆಯವರು ಅಮ್ಮಾನ್‌ನಿಂದ ಇರಾಕಿನ ಕಡೆಗೆ ಮರುಭೂಮಿಯುದ್ದಕ್ಕೂ ದಾರಿಯ ಗುರುತು ಮಾಡಿದರು. ನೆಲ ಬರಿದಾದ ಕಡೆ ನೇಗಿಲಿನಿಂದ ಉದ್ದಕ್ಕೆ ಗೀರು ಎಳೆಸಿದರು. ಪೈಲಟ್ ಆ ಗೀರನ್ನು ನೋಡುತ್ತ ಹಾರಬೇಕಿತ್ತು. ಒಂಟೆಯ ಸಾಲಿಗೆ ಮೈಲಿಗಲ್ಲು, ವಿಮಾನಕ್ಕೆ ನೇಗಿಲ ಗೀರು. ಹುಡುಗ ಇದನ್ನು ಕೇಳಿ ಜಿ.ಪಿ.ಎಸ್. ಮುಚ್ಚಿ ಬರೀ ದಿಕ್ಸೂಚಿ ಮತ್ತು ಗಡಿಯಾರ ಹಿಡಿದು ಹೊರಟ. ಅಡ್ಡಗಾಳಿ ತಳ್ಳಿದ್ದರಿಂದ ಮೂವತ್ತು ಕಿಲೋಮೀಟರ್ ತಪ್ಪಿದ್ದೆವು! ನೀರಿನ ಕೊಳ ಇಷ್ಟು ತಪ್ಪಿದ್ದರೆ ಒಂಟೆಯ ಮೇಲಿದ್ದವರ ಗತಿಯೇನಾಗುತ್ತಿತ್ತು ಎಂದು ಯೋಚಿಸಿ ನೋಡಿ.

ಮುಂದೆ ಬಲಗಡೆ ಕೆಂಪು ಮರಳಿನ ಅಲೆಗಳು ಕಂಡವು. ಅದು ನಫೂದ್. ಎಡಕ್ಕೆ ಫೈದ್ ಎಂಬ ಊರು. ಆ ಕಾಲದಲ್ಲಿ ಇಡೀ ದಾರಿಯ ನಡುವಿನ ದೊಡ್ಡ ತಂಗುದಾಣ. ಯಾತ್ರಿಕರು ಮರಳುವಾಗ ಬೇಕಾದ ಸಾಮಾನನ್ನು ಇಲ್ಲಿನವರ ಬಳಿ ಇಟ್ಟು ಹೋಗುತ್ತಿದ್ದರಂತೆ. ಹಾಯಿಲ್ ಪಟ್ಟಣದ ಬಳಿ ಅಜಾ ಬೆಟ್ಟ, ಅದರ ಜೋಡಿ ಸಲ್ಮಾ ಬೆಟ್ಟ. ನಮ್ಮ ಮನೆಗಳಲ್ಲಿ ದಾನಕ್ಕೆ ಮಾದರಿಯಾಗಿ ಹೇಳುವ ಹಾತಿಮ್ ತಾಯಿ ಇದೇ ನೆಲದ ತಯ್ಯ್ ಕುಲದವನು. ಹಾಯಿಲ್‌ನಲ್ಲಿ ಇಳಿದು ಚಹಾ ಕುಡಿದೆವು. ಚಹಾ ಮಾತ್ರ ನಿಜವಾದದ್ದು, ತಂಗಿ ಮಾಡಿಕೊಟ್ಟದ್ದು.

ಇಲ್ಲಿ ಒಂದು ಮಾತು. ಮದ್ರಸದಲ್ಲಿ ಕಲಿತ ನಮಗೆ ನಜ್ದ್, ಹಿಜಾಝ್, ತಿಹಾಮಾ, ಹರ್ರಾ ಎಂಬುವು ಬಾಯಿಪಾಠದ ಹೆಸರುಗಳು. ಕಿತಾಬಿನ ಪಕ್ಕದಲ್ಲಿ ಒಂದು ನಕ್ಷೆ ಇಟ್ಟು ಪಾಠ ಮಾಡುವ ರೂಢಿ ನಮ್ಮಲ್ಲಿ ಇರಲಿಲ್ಲ. ಇದು ದೊಡ್ಡ ಕೊರತೆ ಎಂದೇ ನನ್ನ ಅಭಿಪ್ರಾಯ. ನಜ್ದ್ ಎಂದರೆ ಎತ್ತರದ ನೆಲ. ಹಿಜಾಝ್ ಎಂದರೆ ತಡೆ. ಹಾಯಿಲ್‌ನಿಂದ ದಕ್ಷಿಣಕ್ಕೆ ಹಾರುವಾಗ ಎತ್ತರ ತೋರಿಸುವ ಮುಳ್ಳು ಎಂಟು ಸಾವಿರದಲ್ಲೇ ಇದೆ, ಆದರೆ ನೆಲ ನಮ್ಮ ಹತ್ತಿರಕ್ಕೆ ಏರಿ ಬರುತ್ತದೆ. ಪಶ್ಚಿಮಕ್ಕೆ ಬೆಟ್ಟಗಳ ಗೋಡೆ ಅಡ್ಡ ನಿಲ್ಲುತ್ತದೆ. ಅದನ್ನು ದಾಟಿದೊಡನೆ ನೆಲ ಕುಸಿದು ಕೆಂಪು ಸಮುದ್ರದ ದಂಡೆಯ ತಿಹಾಮಾ ಬರುತ್ತದೆ. ಪದದ ಅರ್ಥ ಕಣ್ಣೆದುರಿಗೇ ನಿಂತಿತು.

ದಾರಿಯಲ್ಲಿ ರಬಝಾ ಸಿಕ್ಕಿತು. ಅಬೂಝರ್ ಗಿಫಾರಿ (ರ) ಹಿಜರಿ 32ರಲ್ಲಿ ಕೊನೆಯುಸಿರೆಳೆದ ಜಾಗ. ರಿಯಾದ್‌ನ ಕಿಂಗ್ ಸಊದ್ ವಿಶ್ವವಿದ್ಯಾಲಯದವರು 1979ರಿಂದ ಇಲ್ಲಿ ಉತ್ಖನನ ಮಾಡಿ ಮನೆಗಳು, ಮಸೀದಿ, ನೀರಿನ ತೊಟ್ಟಿಗಳನ್ನು ಹೊರತೆಗೆದರು. ಪರದೆಯಲ್ಲಿ ನೋಡಿದರೆ ಕಂದು ನೆಲದ ಮೇಲೆ ಒಂದೆರಡು ಕಲೆಗಳು, ಅಷ್ಟೆ. ಸಿಮ್ಯುಲೇಟರಿನ ಮಿತಿ ಇದೇ. ನಗರಗಳನ್ನು ಅದು ಚೆನ್ನಾಗಿ ತೋರಿಸುತ್ತದೆ, ಹಾಳುಬಿದ್ದ ಜಾಗಗಳ ಬಗ್ಗೆ ಅದಕ್ಕೆ ಅಕ್ಕರೆಯಿಲ್ಲ. ಬೆವರಿಲ್ಲ, ಬಾಯಾರಿಕೆಯಿಲ್ಲ, ಮರಳು ಕಣ್ಣಿಗೆ ಬೀಳುವುದಿಲ್ಲ. ಬೇಸರವಾದರೆ ಒಂದು ಗುಂಡಿ ಒತ್ತಿ ವೇಳೆಯನ್ನೇ ನಾಲ್ಕು ಪಟ್ಟು ಓಡಿಸಬಹುದು. ಹುಡುಗನಿಗೆ ಅದನ್ನು ಮಾತ್ರ ಮಾಡಬೇಡವೆಂದೆ.

ರಬಝಾದ ನಂತರ ಕಪ್ಪು ನೆಲ. ಬಾಣಲೆಯಲ್ಲಿ ಸೀದು ಹೋದಂತಹ ಕಲ್ಲು. ಇದೇ ಹರ್ರಾ, ಜ್ವಾಲಾಮುಖಿಯ ಲಾವಾ ಹರಿದು ಆರಿದ ಜಾಗ. 1256ರಲ್ಲಿ ಮದೀನಾದ ಹೊರಗೆ ಬೆಂಕಿ ಎದ್ದು ವಾರಗಟ್ಟಲೆ ಉರಿದದ್ದನ್ನು ಇತಿಹಾಸಕಾರರು ದಾಖಲಿಸಿದ್ದಾರೆ. ಅದಾಗಿ ಎರಡೇ ವರ್ಷಕ್ಕೆ ಮಂಗೋಲರು ಬಗ್ದಾದ್ ಸುಟ್ಟರು. ಝುಬೈದಾರ ಹಾದಿಯ ವೈಭವವೂ ಮುಗಿಯಿತು. ಕೊಳಗಳಲ್ಲಿ ಮರಳು ತುಂಬಿತು. ಹಾಗಿದ್ದೂ ಮಳೆ ಬಂದರೆ ಕೆಲವು ಕೊಳಗಳಲ್ಲಿ ಇಂದಿಗೂ ನೀರು ನಿಲ್ಲುತ್ತದೆ. ನಜಫ್ ಬಿಟ್ಟು ಒಟ್ಟು ಐದು ಗಂಟೆಗೆ ಜಿದ್ದಾದಲ್ಲಿ ಇಳಿದೆವು, ಎರಡು ಸಲ ಪುಟಿದು.

ಈ ಸುದ್ದಿ ಕೇರಿಯಲ್ಲಿ ಹಬ್ಬಿತು. ನೆರೆಮನೆಯ ಒಬ್ಬರು ಮೆಲ್ಲಗೆ ಕೇಳಿದರು: “ಟೀಚರ್, ಅದರಲ್ಲಿ ದಮ್ಮಾಮ್ ಕಾಣುತ್ತದಾ?” ಅವರ ಗಂಡ ಇಪ್ಪತ್ತೆರಡು ವರ್ಷಗಳಿಂದ ದಮ್ಮಾಮ್-ರಿಯಾದ್ ನಡುವೆ ಲಾರಿ ಓಡಿಸುತ್ತಾರೆ. ಈಗಿನ ವೀಡಿಯೊ ಕರೆಯಲ್ಲಿ ಇವರು ಕಂಡದ್ದು ಒಂದು ಗೋಡೆ, ಒಂದು ಮಂಚ, ಒಂದು ಎ.ಸಿ. ಮಾತ್ರ. ಮುಂದಿನ ಭಾನುವಾರ ಹುಡುಗ ಅವರನ್ನು ಕೂರಿಸಿಕೊಂಡು ದಮ್ಮಾಮ್‌ನಿಂದ ಹೊರಟ. ಹೆದ್ದಾರಿಯನ್ನೇ ಹಿಡಿದು ತೀರಾ ಕೆಳಗೆ ಹಾರಿದ. ಸುಮಾರು ಒಂದೂವರೆ ಗಂಟೆಯ ದಾರಿ. ನಡುವೆ ದಹ್ನಾ ಬಂತು. ಉತ್ತರದ ನಫೂದನ್ನೂ ದಕ್ಷಿಣದ ರುಬ್ಅುಲ್ ಖಾಲಿಯನ್ನೂ ಜೋಡಿಸುವ ಸಾವಿರ ಕಿಲೋಮೀಟರಿಗೂ ಉದ್ದದ ಕೆಂಪು ಮರಳಿನ ಪಟ್ಟಿ ಅದು. ಅದರ ಮೇಲೆ ಕಪ್ಪು ದಾರದಂತೆ ರಸ್ತೆ. ಅವರು ಮಾತಾಡಲಿಲ್ಲ. ಒಮ್ಮೆ ಮಾತ್ರ, “ಇಷ್ಟು ದೂರಕ್ಕೂ ಒಂದು ಮನೆ ಇಲ್ಲವಲ್ಲ” ಎಂದರು.

ರಾತ್ರಿ ಗಂಡನಿಗೆ ಫೋನ್ ಮಾಡಿ ಕೇಳಿದರಂತೆ, ಆ ಕೆಂಪು ಮರಳಿನಲ್ಲಿ ನೀವು ಎಲ್ಲಿ ಲಾರಿ ನಿಲ್ಲಿಸುವುದು ಎಂದು. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಬಾರಿಗೆ ಆತ ದಾರಿಯ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಮರಳು ಶುರುವಾಗುವ ಮೊದಲು ಒಂದು ಪೆಟ್ರೋಲ್ ಬಂಕ್ ಇದೆ, ಪಕ್ಕದಲ್ಲಿ ಸಣ್ಣ ಮಸೀದಿ, ಫಜ್ರ್ ನಮಾಝ್ ಅಲ್ಲಿ, ಚಹಾವೂ ಅಲ್ಲಿ. ಮರುದಿನ ಅವರು ಮತ್ತೆ ಬಂದು, ವಿಮಾನವನ್ನು ಆ ಜಾಗಕ್ಕೆ ಒಯ್ಯಲು ಹೇಳಿದರು. ಹುಡುಗ ಹುಡುಕಿ ಸುತ್ತು ಹಾಕಿದ. ಚಿತ್ರದಲ್ಲಿ ರಸ್ತೆ ಬದಿಗೆ ಬೂದು ಬಣ್ಣದ ಒಂದು ಚೌಕ, ಅದರ ಪಕ್ಕ ಇನ್ನೊಂದು ಚಿಕ್ಕ ಚೌಕ ಇದ್ದವು. “ಇನ್ನೊಂದು ಸುತ್ತು ಹೋಗು ಮಗಾ” ಎಂದರು.