ಹೆಸರು ಬದಲಾಯ್ತು, ಹಳೇ ಇಮೇಲ್ ಗತಿ ಏನು?

ಶಿಡ್ಲಘಟ್ಟವನ್ನು ಇಂಗ್ಲಿಷಿನಲ್ಲಿ ಬರೆಯುವಾಗ ‘ಎಸ್’ ಪಕ್ಕ ಒಬ್ಬರು ‘ಎಚ್’ ಹಾಕ್ತಾರೆ, ಇನ್ನೊಬ್ಬರು ಬಿಡ್ತಾರೆ. 2007ರಲ್ಲಿ ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆಯಾಯ್ತು. ಹಳೇ ಅಭ್ಯಾಸದಲ್ಲಿ ಯಾರಾದರೂ ‘ಕೋಲಾರ ಜಿಲ್ಲೆ’ ಅಂತ ಬರೆದರೂ, ಪಿನ್‌ಕೋಡ್ ಸರಿಯಿದ್ದರೆ ಗೌರಿಬಿದನೂರಿನ ಕಾಗದ ಗೌರಿಬಿದನೂರಿಗೆ, ಚಿಂತಾಮಣಿಯದು ಚಿಂತಾಮಣಿಗೆ ಹೋಗುತ್ತೆ. ಉಳಿದದ್ದನ್ನು ಪೋಸ್ಟ್‌ಮ್ಯಾನ್ ನೋಡಿಕೊಳ್ತಾರೆ.

ಮೇಲ್ ಸರ್ವರ್‌ಗೆ ಇಂಥ ಅನುಸರಿಸಿಕೊಂಡು ಹೋಗೋ ಬುದ್ಧಿ ಇಲ್ಲ. ಒಂದಕ್ಷರ ಬದಲಾದರೂ ಅದರ ಲೆಕ್ಕದಲ್ಲಿ ನೀವು ಬೇರೆಯೇ ಮನುಷ್ಯರು.

ನಮ್ಮ ಕಡೆ ಹೆಸರು ಬದಲಾಗೋದು ಹೊಸದೇನಲ್ಲ. ಶಾಲೆಯ ದಾಖಲೆಯಲ್ಲಿ ಬರೀ ಇನಿಷಿಯಲ್. ಪಾಸ್‌ಪೋರ್ಟ್ ಮಾಡಿಸುವಾಗ ಅದನ್ನು ಬಿಡಿಸಿ ಅಪ್ಪನ ಹೆಸರೋ ಊರಿನ ಹೆಸರೋ ಸೇರುತ್ತೆ. ಮದುವೆಯಾದ ಮೇಲೆ ಕೆಲವರಿಗೆ ಗಂಡನ ಹೆಸರು. ಆಫೀಸಿನ ದಾಖಲೆ ತಿದ್ದಿದ ಮೇಲೆ ಐಟಿ ವಿಭಾಗದವರು ಇಮೇಲ್ ಐಡಿಯನ್ನೂ ಬದಲಿಸ್ತಾರೆ. ಎಡವಟ್ಟಾಗೋದು ಅಲ್ಲೇ.

ಹಳೇ ವಿಳಾಸವನ್ನು ಪೂರ್ತಿ ಅಳಿಸಿದರೆ, ಅದಕ್ಕೆ ಕಳಿಸಿದ ಮೇಲ್ ಸಾಮಾನ್ಯವಾಗಿ ‘550’ ಎಂಬ ಕೋಡ್ ಹೊತ್ತು ವಾಪಸ್ ಹೋಗುತ್ತೆ. ಗ್ರಾಹಕರು ನೀವು ಕೆಲಸ ಬಿಟ್ಟಿರಿ ಅಂದುಕೊಳ್ತಾರೆ. ಸರಿಯಾದ ದಾರಿ ‘ಅಲಿಯಾಸ್’: ಹಳೇ ವಿಳಾಸವನ್ನು ಹೊಸದರ ಇನ್ನೊಂದು ಹೆಸರಾಗಿ ಉಳಿಸಿಕೊಳ್ಳೋದು. ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಅಡ್ಮಿನ್ ಹೆಸರು ಬದಲಿಸಿದರೆ ಹಳೆಯದು ತಾನಾಗಿಯೇ ಅಲಿಯಾಸ್ ಆಗುತ್ತೆ. ಕಂಪನಿಯದೇ ಪೋಸ್ಟ್‌ಫಿಕ್ಸ್ ಸರ್ವರ್ ಇದ್ದರೆ ಅಲಿಯಾಸ್ ಪಟ್ಟಿಗೆ ಒಂದು ಸಾಲು ಸೇರಿಸಬೇಕು: ಎಡಕ್ಕೆ ಹಳೆಯದು, ಬಲಕ್ಕೆ ಹೊಸದು. ಐದು ನಿಮಿಷದ ಕೆಲಸ. ಆದರೆ ಬಾಯಿಬಿಟ್ಟು ಕೇಳಬೇಕು, ಅಷ್ಟೇ.

ಇನ್ನೊಂದು ಮಾತು, ಇದು ಅಡ್ಮಿನ್‌ಗಳಿಗೆ. ನಿಮ್ಮ ಹಳೇ ಐಡಿಯನ್ನು ಅದೇ ಹೆಸರಿನ ಹೊಸ ಉದ್ಯೋಗಿಗೆ ಕೊಡಬಾರದು. 2013ರಲ್ಲಿ ಯಾಹೂ, ವರ್ಷಗಟ್ಟಲೆ ಬಳಸದೆ ಬಿದ್ದಿದ್ದ ಐಡಿಗಳನ್ನು ಬೇರೆಯವರಿಗೆ ಹಂಚಿತು. ಹಿಂದಿನ ಮಾಲೀಕರ ಖಾಸಗಿ ಮೇಲ್‌ಗಳು ತಮಗೆ ಬರುತ್ತಿವೆ ಅಂತ ಹೊಸಬರೇ ದೂರಿದರು. ಪಾಸ್‌ವರ್ಡ್ ಮರೆತಾಗ ಬರುವ ಲಿಂಕ್ ಹೀಗೆ ಇನ್ನೊಬ್ಬರ ಕೈಗೆ ಸಿಕ್ಕರೆ? ನಿಮ್ಮ ಖಾತೆಯೇ ಅವರದಾಗಬಹುದು.

ಅಲಿಯಾಸ್ ಇದೆ ಅಂತ ನಿಶ್ಚಿಂತೆಯಾಗಿ ಕೂರುವ ಹಾಗೂ ಇಲ್ಲ. ಅದು ಮೇಲ್ ತಲುಪಿಸುತ್ತೆ, ಲಾಗಿನ್ ಬದಲಿಸಲ್ಲ. ಬ್ಯಾಂಕ್, ಪಿಎಫ್, ಇನ್ಶೂರೆನ್ಸ್, ಲಿಂಕ್ಡ್‌ಇನ್‌ಗಳಲ್ಲಿ ಹಳೇ ಐಡಿಯೇ ಕೂತಿರುತ್ತೆ. ನೀವು ಕೆಲಸ ಬಿಟ್ಟ ದಿನ ಆಫೀಸಿನ ಎರಡೂ ವಿಳಾಸಗಳು ಒಟ್ಟಿಗೆ ಕೈತಪ್ಪುತ್ತವೆ. ಆಮೇಲೆ ಓಟಿಪಿಗಾಗಿ ಹಳೇ ಆಫೀಸಿಗೆ ಫೋನ್ ಮಾಡಿ ಗೋಗರೆಯಬೇಕು.

ಅದಕ್ಕೇ ಹೆಸರು ಬದಲಾದ ವಾರವೇ ಕೂತು ಪಟ್ಟಿ ಮಾಡಿ. ಹಣಕಾಸಿನದ್ದೆಲ್ಲ ನಿಮ್ಮ ಸ್ವಂತ ಇಮೇಲ್‌ಗೆ ಹಾಕಿಸಿ. ಇನ್ಯಾರು ಹಳೇ ವಿಳಾಸಕ್ಕೆ ಬರೀತಾರೆ ಅಂತ ನೋಡ್ತಾ, ಒಬ್ಬೊಬ್ಬರಿಗೂ ಹೊಸದನ್ನು ತಿಳಿಸಿ. ಮನೆ ಬದಲಿಸಿದಾಗ ಹಾಲಿನವರಿಗೆ, ಪೇಪರಿನವರಿಗೆ ಹೇಳಿ ಬರ್ತೀವಲ್ಲ, ಹಾಗೆ.