ಬೆಟ್ಟದ ಎತ್ತರ, ಏರಿನ ಲೆಕ್ಕ

ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ. ಸುಮಾರು 1930 ಮೀಟರ್. ಕುಮಾರಪರ್ವತ 1712 ಮೀಟರ್ ಅಷ್ಟೆ. ಆದರೂ ಚಾರಣಿಗರ ಬೆವರಿಳಿಸುವುದು ಇದೇ. ಮುಳ್ಳಯ್ಯನಗಿರಿಯ ನೆತ್ತಿಯ ಸಮೀಪದವರೆಗೂ ರಸ್ತೆಯಿದೆ; ಕುಕ್ಕೆ ಸುಬ್ರಹ್ಮಣ್ಯವಾದರೋ ಘಟ್ಟದ ಬುಡದಲ್ಲಿದೆ. ಅಲ್ಲಿಂದ ಹೊರಟವರು ಒಂದೂವರೆ ಸಾವಿರ ಮೀಟರ್‌ ಏರಬೇಕು. ಗಿರಿಗದ್ದೆಯವರೆಗೆ ಕಾಡಿನ ನೆರಳು. ಆಮೇಲೆ ಬಯಲು ಹುಲ್ಲುಗಾವಲು, ಬಿಸಿಲಿಗೆ ಮರೆಯಿಲ್ಲ. ಶೇಷಪರ್ವತ ತಲುಪಿ ಶಿಖರವೇ ಸಿಕ್ಕಿತೆಂದು ಹಿಗ್ಗುವವರುಂಟು, ಪಾಪ. ಮುಂದೆ ಇಳಿದು, ಕಾಡು ಹೊಕ್ಕು, ಮತ್ತೆ ಹತ್ತಬೇಕು. ಇಳಿಯುವಾಗ ಮಂಡಿ ಸೋತು ಕಾಡಿನಲ್ಲೇ ಕತ್ತಲಾದರೆ ಅದೇ ದೊಡ್ಡ ಅಪಾಯ. ಆದ್ದರಿಂದ ಹೊಸಬರು ಶಿಖರದ ಎತ್ತರಕ್ಕಿಂತ ಮೊದಲು ಹೊರಡುವ ಊರಿನ ಎತ್ತರವನ್ನು ವಿಚಾರಿಸುವುದು ಒಳ್ಳೆಯದು. ಸೋಮವಾರಪೇಟೆ ಕಡೆಯ ಬೀದಳ್ಳಿ ಘಟ್ಟದ ಮೇಲೇ ಇದೆ. ಅಲ್ಲಿಂದ ಹೊರಟರೆ ಅದೇ ಶಿಖರಕ್ಕೆ ಏರು ಬಹಳ ಕಡಿಮೆ.